ವೀಸಾ ಬೇಡದ ದ್ವೀಪಕ್ಕೆ ಅಮ್ಮನ ಜೊತೆ

ರಾತ್ರಿ ಒಂದೂವರೆ. ಬೆಂಗಳೂರು ಏರ್‌ಪೋರ್ಟಿನ ಚೆಕ್‌ಇನ್ ಕೌಂಟರಿನಲ್ಲಿದ್ದ ಹುಡುಗಿ ಅಮ್ಮನ ಪಾಸ್‌ಪೋರ್ಟನ್ನು ಹಿಂದೆ ಮುಂದೆ ತಿರುವಿ ಕೇಳಿದಳು, "ಇವರ ಅಮೆರಿಕ ವೀಸಾ ಎಲ್ಲಿ?"

ನಾನು ಸ್ವಲ್ಪ ಜಂಬದಿಂದಲೇ ಹೇಳಿದೆ, "ನಾವು ಹೋಗ್ತಿರೋದು ಗ್ರೆನಾಡಾಕ್ಕೆ. ಅಲ್ಲಿಗೆ ನಮಗೆ ವೀಸಾ ಬೇಡ."

ಗ್ರೆನಾಡಾಕ್ಕೆ ಬೇಡ, ನಿಜ. ಭಾರತದ ಪಾಸ್‌ಪೋರ್ಟ್ ಇದ್ದರೆ ಮೂರು ತಿಂಗಳವರೆಗೆ ಆರಾಮಾಗಿ ಇರಬಹುದು. ಆದರೆ ನಾನು ಬುಕ್ ಮಾಡಿದ ಅಗ್ಗದ ಟಿಕೆಟ್ಟಿನಲ್ಲಿ ವಿಮಾನ ಬದಲಿಸಬೇಕಿದ್ದದ್ದು ನ್ಯೂಯಾರ್ಕಿನಲ್ಲಿ. ಅಮೆರಿಕದ ಏರ್‌ಪೋರ್ಟಿನಲ್ಲಿ ಎರಡು ಗಂಟೆ ಕೂತು ಎದ್ದು ಹೋಗೋದಕ್ಕೂ ವೀಸಾ ಬೇಕು. ಆಫೀಸಿನ ಕೆಲಸಕ್ಕೆಂದು ಮಾಡಿಸಿದ್ದು ನನ್ನ ಬಳಿ ಇತ್ತು. ಅಮ್ಮನ ಬಳಿ ಇರಲಿಲ್ಲ. ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ.

ತಮ್ಮ ಅಲ್ಲಿ ಮೆಡಿಕಲ್ ಓದುತ್ತಾನೆ. ಅಮ್ಮ ಅವನನ್ನು ನೋಡಿ ಎರಡು ವರ್ಷವಾಗಿತ್ತು. ಪುತ್ತೂರಿನಿಂದ ಹಲಸಿನ ಹಪ್ಪಳ ಕಟ್ಟಿಕೊಂಡು ಬಂದಿದ್ದ ಅಮ್ಮ, ಟ್ಯಾಕ್ಸಿಯಲ್ಲಿ ವಾಪಸ್ ಬರುವಾಗ "ಹಪ್ಪಳ ಹಾಳಾಗುದಿಲ್ಲ, ಬಿಡು ಮಗಾ" ಅಂದಳು. ಬೈದಿದ್ದರೆ ವಾಸಿ ಇತ್ತು. ಟಿಕೆಟ್ ದುಡ್ಡು ಹೋದದ್ದಕ್ಕಿಂತ ಆ ಮಾತೇ ಹೆಚ್ಚು ಚುಚ್ಚಿತು.

ಹಾಗಾಗಿ "ವೀಸಾ ಇಲ್ಲದೆ ಹೋಗಬಹುದಾದ ದೇಶಗಳು" ಅನ್ನೋ ರೀಲ್ಸ್ ನೋಡಿ ಕುಣಿಯುವ ಮೊದಲು ದಾರಿ ನೋಡಿ. ನಮ್ಮಲ್ಲಿಂದ ಗ್ರೆನಾಡಾಕ್ಕೆ ನೇರ ವಿಮಾನ ಇಲ್ಲ. ಸಾಮಾನ್ಯವಾಗಿ ಅಮೆರಿಕ, ಕೆನಡಾ ಅಥವಾ ಲಂಡನ್ ದಾಟಿ ಹೋಗಬೇಕು, ಎಲ್ಲ ಕಡೆಯೂ ಕಾಗದದ ಕೆಲಸ ಇದೆ. ಲಂಡನ್ನಿನಲ್ಲಿ ಏರ್‌ಪೋರ್ಟ್ ಬಿಟ್ಟು ಹೊರಗೆ ಬಾರದಿದ್ದರೂ ನಮ್ಮವರಿಗೆ ಟ್ರಾನ್ಸಿಟ್ ವೀಸಾ ಬೇಕು. ಚಾಲ್ತಿಯಲ್ಲಿರುವ ಅಮೆರಿಕ ವೀಸಾದಂಥದ್ದು ಇದ್ದರೆ ಮಾತ್ರ ವಿನಾಯಿತಿ. ಎರಡು ಬೇರೆ ಬೇರೆ ಟಿಕೆಟ್ ಮಾಡಿಸಿದ್ದರೆ ಬ್ಯಾಗ್ ತೆಗೆದುಕೊಳ್ಳಲು ಇಮಿಗ್ರೇಷನ್ ದಾಟಿ ಹೊರಗೇ ಬರಬೇಕಾಗುತ್ತದೆ. ಎರಡನೇ ಸಲ ನಾನು ಅಮ್ಮನಿಗೆ ಆರು ತಿಂಗಳ ಬ್ರಿಟಿಷ್ ವಿಸಿಟರ್ ವೀಸಾವನ್ನೇ ಮಾಡಿಸಿದೆ. ನಿಯಮಗಳು ಬದಲಾಗುತ್ತಲೇ ಇರುತ್ತವೆ, ದುಡ್ಡು ಕಟ್ಟುವ ದಿನವೇ ಇನ್ನೊಮ್ಮೆ ನೋಡಿಕೊಳ್ಳಿ.

ಅಂದಹಾಗೆ, ಮೊದಲ ಟಿಕೆಟ್ ಅಷ್ಟು ಅಗ್ಗಕ್ಕೆ ಯಾಕೆ ಸಿಕ್ಕಿತ್ತು ಅಂತ ಆಮೇಲೆ ಗೊತ್ತಾಯಿತು. ಅದು ಸೆಪ್ಟೆಂಬರ್. ಅಲ್ಲಿ ಜೂನ್‌ನಿಂದ ನವೆಂಬರ್ ಚಂಡಮಾರುತದ ಕಾಲ. 2004ರ ಸೆಪ್ಟೆಂಬರಿನಲ್ಲಿ ಐವಾನ್ ಆ ದ್ವೀಪದ ಜಾಯಿಕಾಯಿ ತೋಟಗಳನ್ನು ಮಲಗಿಸಿಬಿಟ್ಟಿತ್ತು. 2024ರ ಜುಲೈ 1ಕ್ಕೆ ಬೆರಿಲ್ ಪಕ್ಕದ ಕ್ಯಾರಿಯಾಕೂ ದ್ವೀಪವನ್ನು ಹೊಡೆಯಿತು. ಜನವರಿಯಿಂದ ಮೇ ಒಳ್ಳೆಯ ಕಾಲ. ನಾವು ಹೋದದ್ದು ಫೆಬ್ರವರಿಯಲ್ಲಿ.

ಇಳಿದ ಮೇಲೆ ಎಲ್ಲ ಸುಲಭ. ಮುಖ್ಯ ದ್ವೀಪದ ಉದ್ದ ಸುಮಾರು 34 ಕಿಲೋಮೀಟರ್, ಅಷ್ಟೇ. ವಾಹನ ನಮ್ಮ ಹಾಗೇ ಎಡಕ್ಕೆ ಓಡುತ್ತದೆ. ಕರೆಂಟೂ ನಮ್ಮ 230 ವೋಲ್ಟೇ, ಬ್ರಿಟಿಷ್ ಮಾದರಿಯ ಮೂರು ಚಪ್ಪಟೆ ಪಿನ್ನಿನ ಅಡಾಪ್ಟರ್ ಒಂದು ಸಾಕು. ಅಮ್ಮನ ಸಣ್ಣ ಮಿಕ್ಸಿ ಅಲ್ಲಿ ಸಲೀಸಾಗಿ ತಿರುಗಿತು. ಮಿಲಿಟರಿ ಬಟ್ಟೆಯ ಹಾಗೆ ಕಾಣುವ ಹಸಿರು-ಕಂದು ಚುಕ್ಕೆಯ ಪ್ಯಾಂಟು, ಟೋಪಿ ಮಾತ್ರ ಮನೆಯಲ್ಲೇ ಬಿಟ್ಟು ಹೋಗಿ. ಅಲ್ಲಿ ಸಾಮಾನ್ಯರು ಅದನ್ನು ಹಾಕುವುದು ಕಾನೂನಿಗೆ ವಿರುದ್ಧ.

ಡಾಲರ್ ವಿಷಯದಲ್ಲಿ ಹುಷಾರು. ಅಲ್ಲಿನ ಹಣದ ಹೆಸರೂ ಡಾಲರೇ, ಈಸ್ಟರ್ನ್ ಕೆರಿಬಿಯನ್ ಡಾಲರ್, ಬಾಯಲ್ಲಿ 'ಈಸಿ'. ಒಂದು ಅಮೆರಿಕನ್ ಡಾಲರಿಗೆ 2.70 ಈಸಿ, 1976ರಿಂದ ಇದೇ ದರ. ಟ್ಯಾಕ್ಸಿಯವರು "ಇಪ್ಪತ್ತು" ಅಂದರೆ ಯಾವ ಇಪ್ಪತ್ತು ಅಂತ ಹತ್ತುವ ಮೊದಲೇ ಕೇಳಿ. ಟ್ಯಾಕ್ಸಿಗಿಂತ ನಮಗೆ ಹಿಡಿಸಿದ್ದು ಮಿನಿಬಸ್. ಗ್ರ್ಯಾಂಡ್ ಆನ್ಸ್ ಬೀಚಿನಿಂದ ರಾಜಧಾನಿ ಸೇಂಟ್ ಜಾರ್ಜಸ್‌ಗೆ ಒಂದನೇ ನಂಬರಿನದು. ಜೋರು ಹಾಡು, ಮಂಗಳೂರಿನ ಬಸ್ಸಿನ ಡ್ರೈವರುಗಳೂ ಬೆಚ್ಚುವ ಓಟ. ಇಳಿಯಬೇಕಾದರೆ ಬಸ್ಸಿನ ಮೈಗೆ ಕುಟ್ಟಿದರಾಯಿತು. ಭಾನುವಾರ ಮಾತ್ರ ಬಸ್ಸನ್ನು ನಂಬಬೇಡಿ, ಅಂಗಡಿಗಳೂ ಹೆಚ್ಚಿನವು ಮುಚ್ಚಿರುತ್ತವೆ.

ಮೊದಲ ದಿನ ಅಂಗಡಿಗೆ ಹೋಗಿ ನೇರ "ವಾಟರ್ ಬಾಟಲ್ ಇದೆಯಾ?" ಅಂತ ಕೇಳಿದೆ. ಅಂಗಡಿಯಾಕೆ ತಲೆಯೇ ಎತ್ತಲಿಲ್ಲ. ತಮ್ಮ ಪಿಸುಗುಟ್ಟಿದ, "ಅಕ್ಕ, ಮೊದಲು ಗುಡ್ ಮಾರ್ನಿಂಗ್ ಹೇಳು." ಅಲ್ಲಿ ಅಂಗಡಿಗೋ ಬಸ್ಸಿಗೋ ಹತ್ತಿದರೆ ಮೊದಲು ಅದನ್ನು ಹೇಳಬೇಕು, ಇಲ್ಲದಿದ್ದರೆ ಸೊಕ್ಕು ಅಂತ ಲೆಕ್ಕ. ಅಮ್ಮನಿಗೆ ಇದು ಕಷ್ಟವೇ ಆಗಲಿಲ್ಲ. ಇಂಗ್ಲಿಷಿನಲ್ಲಿ ಅವಳಿಗೆ ಬರುವುದೇ ಅಷ್ಟು. ಎರಡು ದಿನದಲ್ಲಿ ಅವಳಿಗೆ ಬೀದಿಯಲ್ಲಿ ನನಗಿಂತ ಹೆಚ್ಚು ಪರಿಚಯದವರು.

ಊಟದ ಚಿಂತೆ ನನಗಿತ್ತು, ಯಾಕಂದರೆ ಅಮ್ಮ ಮೊಟ್ಟೆಯನ್ನೂ ಮುಟ್ಟುವವಳಲ್ಲ. "ವೆಜಿಟೇರಿಯನ್" ಅಂದರೆ ಮೀನು ನಡೆಯುತ್ತದೆ ಅಂದುಕೊಳ್ಳುವವರಿದ್ದಾರೆ, ಮಾಂಸ, ಕೋಳಿ, ಮೀನು ಮೂರೂ ಬೇಡ ಅಂತ ಬಿಡಿಸಿ ಹೇಳಬೇಕು. 'ಐಟಲ್' ಅಂತ ಬೋರ್ಡ್ ಕಂಡರೆ ಒಳಗೆ ನುಗ್ಗಿ, ಅದು ರಾಸ್ತಾಫಾರಿಗಳ ಸಸ್ಯಾಹಾರದ ಅಡುಗೆ. ಉಪ್ಪು ಕಮ್ಮಿ ಅಥವಾ ಇಲ್ಲವೇ ಇಲ್ಲ. ಇನ್ನು ರೊಟ್ಟಿ. ಅವರೂ 'ರೋಟಿ' ಅಂತಲೇ ಅನ್ನುತ್ತಾರೆ. 1857ರ ಮೇ 1ರಂದು ಮೇಡ್‌ಸ್ಟೋನ್ ಅನ್ನುವ ಹಡಗಿನಲ್ಲಿ ಕೂಲಿಗೆಂದು ಬಂದಿಳಿದ ಭಾರತೀಯರಿಂದ ಶುರುವಾದ ಕಥೆ ಅದು. ಕಡಲೆ-ಆಲೂಗಡ್ಡೆ ತುಂಬಿದ್ದು ಕೇಳಿ ಪಡೆಯಿರಿ.

ಆದರೆ ಅಮ್ಮ ಗೆದ್ದದ್ದು ಮಾರ್ಕೆಟ್ಟಿನಲ್ಲಿ. ಸೇಂಟ್ ಜಾರ್ಜಸ್ ಇರುವುದು ಹೆಚ್ಚುಕಡಿಮೆ ಮೈಸೂರಿನದೇ ಅಕ್ಷಾಂಶದಲ್ಲಿ. ಅಲ್ಲಿನವರ 'ಬ್ರೆಡ್‌ಫ್ರೂಟ್' ನೋಡಿ ಅಮ್ಮ ನಿಂತೇಬಿಟ್ಟಳು. "ಎಂತ ಮಾರಾಯ್ತಿ, ಇದು ನಮ್ಮ ಜೀಗುಜ್ಜೆ ಅಲ್ವಾ?" ಪಕ್ಕದಲ್ಲಿ 'ಕಲಾಲು' ಅಂತ ಕಟ್ಟು ಕಟ್ಟಿಟ್ಟಿದ್ದು ಕೆಸುವಿನ ಸೊಪ್ಪು. ಇವೆರಡನ್ನೂ ತೆಂಗಿನ ಹಾಲು, ಅರಿಶಿನ, ಉಪ್ಪು ಹಾಕಿದ ಮಾಂಸದ ಜೊತೆ ಬೇಯಿಸಿದರೆ ಅವರ ರಾಷ್ಟ್ರೀಯ ತಿನಿಸು 'ಆಯಿಲ್ ಡೌನ್'. ಅರಿಶಿನಕ್ಕೆ ಅವರು 'ಸ್ಯಾಫ್ರನ್' ಅನ್ನುತ್ತಾರೆ, ಕೇಸರಿ ಅಗ್ಗ ಅಂತ ಕೊಂಡು ಮೋಸ ಹೋಗಬೇಡಿ. ಅವತ್ತು ಸಂಜೆ ತಮ್ಮನ ರೂಮಿನಲ್ಲಿ ಜೀಗುಜ್ಜೆ ಪೋಡಿ. ಎಷ್ಟು ತಿಂದ ಅಂತ ನಾನು ಎಣಿಸಲಿಲ್ಲ, ಅಮ್ಮ ಎಣಿಸಿದ್ದಾಳೆ.

ಒಂದು ಭಯದ ವಿಷಯ ಹೇಳಲೇಬೇಕು. ಬೀಚಿನಲ್ಲಿ ಅಮ್ಮ ಮರದಡಿ ಬಿದ್ದಿದ್ದ ಪುಟ್ಟ ಹಸಿರು ಸೇಬಿನಂಥ ಹಣ್ಣಿಗೆ ಕೈ ಹಾಕಿದ್ದಳು, ತಮ್ಮ ಕಿರುಚಿಕೊಂಡು ಓಡಿಬಂದ. ಮ್ಯಾಂಚನೀಲ್ ಅನ್ನುವ ಮರ ಅದು. ಹಣ್ಣು ವಿಷ, ಹಾಲು ತಾಗಿದರೆ ಮೈ ಬೊಬ್ಬೆ. ಮಳೆ ಬಂತೆಂದು ಅದರಡಿ ನಿಂತರೂ ಎಲೆಯಿಂದ ಇಳಿಯುವ ನೀರು ಚರ್ಮ ಸುಡುತ್ತದೆ. ಯಾವುದು ಅಂತ ಊರಿನವರನ್ನು ಕೇಳಿ ಗುರುತು ಮಾಡಿಕೊಳ್ಳಿ.

ಕೊನೆಯ ದಿನ ಗೌಯಾವ್ ಊರಿನ ಜಾಯಿಕಾಯಿ ಸಂಸ್ಕರಣಾ ಕೇಂದ್ರಕ್ಕೆ ಹೋದೆವು. ಆ ದೇಶದ ಬಾವುಟದಲ್ಲೂ ಜಾಯಿಕಾಯಿ ಇದೆ. ಮನೆ ಹಿಂದೆ ಎರಡು ಮರ ಇದ್ದರೂ ಅಮ್ಮ ಒಂದು ಪೊಟ್ಟಣ ಜಾಪತ್ರೆ ಕೊಂಡಳು.

ವಿಮಾನ ಏರಿದ ಮೇಲೆ ಬಹಳ ಹೊತ್ತು ಮಾತಿಲ್ಲ. ಆಮೇಲೆ ಪಾಸ್‌ಪೋರ್ಟ್ ತೆಗೆದು ನನ್ನ ಕೈಗಿಟ್ಟು ಕೇಳಿದಳು, "ಈ ಲಂಡನ್ ವೀಸಾ ಇನ್ನೆಷ್ಟು ದಿನ ಇರ್ತದೆ, ನೋಡು?"

ನೋಡಿದೆ. ಇನ್ನೂ ನಾಲ್ಕು ತಿಂಗಳಿತ್ತು.