ಪೆಟ್ಟಿಗೆಯೊಳಗಿನ ಬೆಳಕು ಕಣ್ಣಿಗೆ ಬೀಳದಿರಲಿ

ಎಲೆಕ್ಟ್ರಾನಿಕ್ಸ್ ಓದುವ ಮಕ್ಕಳಿರುವ ಕೆಲವು ಮನೆಗಳಲ್ಲಿ ಒಂದು ಪೆಟ್ಟಿಗೆ ಇರುತ್ತದೆ. ಮರದ ಹಲಗೆಯಿಂದಲೋ ಹಳೆಯ ಸೂಟ್‌ಕೇಸಿನಿಂದಲೋ ಮಾಡಿದ್ದು. ತಳದಲ್ಲಿ ನಾಲ್ಕು ಪುಟ್ಟ ಟ್ಯೂಬ್‌ಗಳು, ಮೇಲೊಂದು ಗಾಜು, ಅದಕ್ಕೊಂದು ಮುಚ್ಚಳ. ಪ್ರಾಜೆಕ್ಟಿಗೆ ಬೇಕಾದ ಸರ್ಕ್ಯೂಟ್ ಬೋರ್ಡನ್ನು ಮನೆಯಲ್ಲೇ ತಯಾರಿಸುವ ಸಾಧನವಿದು. ಬೆಳಕಿಗೆ ಸ್ಪಂದಿಸುವ ಲೇಪವಿರುವ ತಾಮ್ರದ ಬೋರ್ಡಿನ ಮೇಲೆ ಸರ್ಕ್ಯೂಟಿನ ನಕ್ಷೆ ಇರುವ ಪಾರದರ್ಶಕ ಹಾಳೆ ಇಟ್ಟು, ಕೆಲವು ನಿಮಿಷ ನೇರಳಾತೀತ ಕಿರಣ ಬೀಳಿಸಿ, ಆಮೇಲೆ ರಾಸಾಯನಿಕದಲ್ಲಿ ತೊಳೆದರೆ ಗೆರೆಗಳು ಮೂಡುತ್ತವೆ.

ಕೈಯಾರೆ ಮಾಡಿ ಕಲಿಯುವ ಮಕ್ಕಳನ್ನು ಮೆಚ್ಚಲೇಬೇಕು. ಅವರನ್ನು ತಡೆಯಿರಿ ಎಂದು ನಾನು ಹೇಳುತ್ತಿಲ್ಲ. ಆದರೆ ಪೆಟ್ಟಿಗೆಗೆ ಯಾವ ಟ್ಯೂಬ್ ಹಾಕಿದ್ದಾರೆಂದು ಹಿರಿಯರು ಒಮ್ಮೆ ಕೇಳಬೇಕು.

ಏಕೆಂದರೆ ನೇರಳಾತೀತ ಕಿರಣಗಳೆಲ್ಲ ಒಂದೇ ಅಲ್ಲ. ಈ ಕೆಲಸಕ್ಕೆ ಬೇಕಾದದ್ದು 365 ನ್ಯಾನೋಮೀಟರ್ ಆಸುಪಾಸಿನ ‘ಎ’ ಬಗೆ. ನೀರು ಶುದ್ಧೀಕರಿಸುವ ಯಂತ್ರಗಳಲ್ಲಿ ರೋಗಾಣು ಕೊಲ್ಲುವುದು 254 ನ್ಯಾನೋಮೀಟರಿನ ‘ಸಿ’ ಬಗೆ. 2020ರಲ್ಲಿ ಕೋವಿಡ್ ಬಂದ ಮೇಲೆ ಈ ಎರಡನೆಯದು ಎಲ್ಲರ ಕೈಗೂ ಸುಲಭವಾಗಿ ಸಿಗತೊಡಗಿತು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ ಬರೀ ‘ಯುವಿ ಟ್ಯೂಬ್’ ಎಂದು ಕೇಳಿದರೆ ಯಾವುದು ಬಂದೀತೋ ಹೇಳಲಾಗದು. ಎರಡೂ ಒಂದೇ ಅಳತೆಯಲ್ಲಿ ಸಿಗುತ್ತವೆ, ಒಂದೇ ಹೋಲ್ಡರಿಗೆ ಕೂರುತ್ತವೆ.

‘ಸಿ’ ಕಿರಣವನ್ನು ಸಾಧಾರಣ ಗಾಜು ತಡೆಯುತ್ತದೆ. ಹಾಗಾಗಿ ಬೋರ್ಡಿನಲ್ಲಿ ಗೆರೆ ಸರಿಯಾಗಿ ಮೂಡದು. ಏನಾಯಿತೆಂದು ಹುಡುಗ ಗಾಜು ತೆಗೆದು, ಟ್ಯೂಬ್ ಉರಿಯುತ್ತಿರುವಾಗಲೇ ಇಣುಕಿ ನೋಡುತ್ತಾನೆ. ಅಪಾಯ ಇರುವುದು ಅಲ್ಲಿ.

ಆ ಕ್ಷಣದಲ್ಲಿ ನೋವಿರುವುದಿಲ್ಲ. ಆರರಿಂದ ಹನ್ನೆರಡು ಗಂಟೆಯ ನಂತರ, ಸಾಮಾನ್ಯವಾಗಿ ನಡುರಾತ್ರಿಯಲ್ಲಿ, ಎರಡೂ ಕಣ್ಣಿಗೆ ಮರಳು ಸುರಿದಂತೆ ಉರಿ, ನೀರು, ಬೆಳಕು ನೋಡಲಾಗದ ಸಂಕಟ. ಕಾರ್ನಿಯಾದ ಮೇಲ್ಪದರ ಸುಟ್ಟಿರುತ್ತದೆ. ಮುಖವಾಡವಿಲ್ಲದೆ ವೆಲ್ಡಿಂಗ್ ಮಾಡುವವರಿಗೆ ಬರುವುದೂ ಇದೇ ತೊಂದರೆ. ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ವಾಸಿಯಾಗುತ್ತದೆ. ಆದರೂ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು. ಅಲ್ಲಿಯವರೆಗೆ ಕಣ್ಣು ಉಜ್ಜಬೇಡಿ, ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆಯಿರಿ, ಮುಚ್ಚಿದ ರೆಪ್ಪೆಯ ಮೇಲೆ ತಣ್ಣೀರಿನ ಬಟ್ಟೆ ಇಡಿ. ಎದೆಹಾಲು, ಹರಳೆಣ್ಣೆ, ಯಾರಿಗೋ ಬರೆದುಕೊಟ್ಟ ಹಳೆಯ ಡ್ರಾಪ್ಸ್ ಯಾವುದೂ ಬೇಡ.

ಟ್ಯೂಬನ್ನು ಗುರುತಿಸುವುದು ಕಷ್ಟವಲ್ಲ. ರೋಗಾಣು ಕೊಲ್ಲುವ ಟ್ಯೂಬ್ ಪಾರದರ್ಶಕ. ತುದಿಯ ತಂತಿ ಹೊರಗೇ ಕಾಣುತ್ತದೆ. ‘ಎ’ ಬಗೆಯದಕ್ಕೆ ಒಳಗೆ ಬಿಳಿ ಲೇಪವಿರುತ್ತದೆ, ಇಲ್ಲವೇ ಗಾಜೇ ಕಡುನೇರಳೆಯಾಗಿರುತ್ತದೆ. ಅದರ ಮೇಲೆ ‘ಬಿಎಲ್’ ಅಥವಾ ‘ಬಿಎಲ್‌ಬಿ’ ಎಂದಿರುವುದುಂಟು. ‘ಯುವಿಸಿ’, ‘254’ ಎಂದಿದ್ದರೆ ಅಂಗಡಿಗೆ ವಾಪಸ್ ಕೊಡಿ.

ಹಾಗೆಂದು ‘ಎ’ ಬಗೆಯದು ನಿರಪಾಯಕಾರಿ ಎಂದಲ್ಲ. 2023ರ ನವೆಂಬರಿನಲ್ಲಿ ಹಾಂಗ್‌ಕಾಂಗಿನ ಒಂದು ಸಂತೋಷಕೂಟಕ್ಕೆ ಹೋಗಿದ್ದ ಹಲವರು ಕಣ್ಣುನೋವಿನಿಂದ ಒದ್ದಾಡಿದರು. ಅದಕ್ಕೆ ಅಲಂಕಾರಕ್ಕೆ ಹಾಕಿದ್ದ ‘ಎ’ ಬಗೆಯ ದೀಪಗಳೇ ಕಾರಣವಿರಬೇಕೆಂದು ಸಂಘಟಕರೇ ಹೇಳಿದರು. ಆದ್ದರಿಂದ ಯಾವ ಟ್ಯೂಬೇ ಇರಲಿ, ಮುಚ್ಚಳ ತೆರೆದೊಡನೆ ದೀಪ ಆರುವಂತೆ ಸ್ವಿಚ್ ಇರಬೇಕು. ಫ್ರಿಜ್ಜಿನ ಬಾಗಿಲಲ್ಲಿರುವಂಥ ಸ್ವಿಚ್ ಅದು, ಇಲ್ಲಿ ಕೆಲಸ ಮಾತ್ರ ತಿರುಗುಮುರುಗು. ಸರ್ಕ್ಯೂಟ್ ಮಾಡಬಲ್ಲ ಮಕ್ಕಳಿಗೆ ಇದೇನು ದೊಡ್ಡ ಕೆಲಸವಲ್ಲ.

ನನ್ನನ್ನು ಕೇಳಿದರೆ, ವರ್ಷಕ್ಕೆ ಒಂದೆರಡು ಬೋರ್ಡಿಗಾಗಿ ಪ್ರತಿ ಮನೆಯಲ್ಲೂ ಇಂಥ ಪೆಟ್ಟಿಗೆ ಬೇಕಾಗಿಲ್ಲ. ಕಾಲೇಜಿನ ಪ್ರಯೋಗಾಲಯದಲ್ಲಿ ಸುರಕ್ಷಿತವಾದ ಒಂದು ಪೆಟ್ಟಿಗೆ ಇದ್ದರೆ ಎಲ್ಲರಿಗೂ ಸಾಕು. ಅಂಗಡಿಯವರೂ ‘ಕಣ್ಣಿಗೆ ಅಪಾಯ’ ಎಂದು ಕನ್ನಡದಲ್ಲಿ ಚೀಟಿ ಅಂಟಿಸಲಿ. ಅಲ್ಲಿಯವರೆಗೆ ನಮ್ಮ ತಾರಸಿಯ ಬಿಸಿಲಿದೆ. ‘ಎ’ ಕಿರಣ ಅದರಲ್ಲಿ ಧಾರಾಳವಾಗಿದೆ, ಖರ್ಚೂ ಇಲ್ಲ.