ಹೋರಿಗೆ ಹಾರ್ಮೋನು ಸೂಜಿ: ಅವಸರವೇಕೆ?

ಊರ ಹೋರಿ ಹಾರಿದ ಹಸುಗಳು ಮತ್ತೆ ಮತ್ತೆ ಬೆದೆಗೆ ಬಂದರೆ, "ಹೋರಿಗೊಂದು ಹಾರ್ಮೋನು ಸೂಜಿ ಹಾಕಿಸಿ" ಎನ್ನುವವರಿಗೆ ಬರವಿಲ್ಲ. ಈ ಸಲಹೆಯನ್ನು ನಾನು ಒಪ್ಪಲಾರೆ.

ವೃಷಣವು ದೇಹಕ್ಕಿಂತ ಕೆಲವು ಡಿಗ್ರಿ ತಂಪಾಗಿದ್ದರೆ ಮಾತ್ರ ವೀರ್ಯಾಣುಗಳು ಸರಿಯಾಗಿ ಬೆಳೆಯುತ್ತವೆ. ಜ್ವರ, ಏಟು, ಬಾವು, ಕಡುಬಿಸಿಲು ಈ ತಂಪನ್ನು ಕೆಡಿಸುತ್ತವೆ. ಹೋರಿಯಲ್ಲಿ ವೀರ್ಯಾಣು ತಯಾರಾಗಲು ಸುಮಾರು 61 ದಿನ ಬೇಕು. ಬಲಿತು ಹೊರಬರಲು ಮತ್ತೆ ಕೆಲವು ದಿನ. ಹಾಗಾಗಿ ಯುಗಾದಿಯಲ್ಲಿ ಬಂದ ಜ್ವರದ ಫಲವನ್ನು ರೈತ ಮುಂಗಾರಿನ ಹೊತ್ತಿಗೂ ಉಣ್ಣುತ್ತಿರಬಹುದು. ಆಗ ಜ್ವರ ಯಾರ ನೆನಪಿನಲ್ಲೂ ಇರುವುದಿಲ್ಲ!

ಹೊರಗಿನಿಂದ ಟೆಸ್ಟೋಸ್ಟಿರೋನ್ ಕೊಟ್ಟರೆ ಹೋರಿಯ ಹುರುಪು ಹೆಚ್ಚಿದಂತೆ ತೋರಬಹುದು. ಆದರೆ ರಕ್ತದಲ್ಲಿ ಹಾರ್ಮೋನು ಸಾಕಷ್ಟಿದೆಯೆಂದು ಪಿಟ್ಯುಟರಿ ಗ್ರಂಥಿಯು ವೃಷಣಕ್ಕೆ ಕಳಿಸುವ ಪ್ರಚೋದನೆಯನ್ನು ತಗ್ಗಿಸುತ್ತದೆ. ವೃಷಣದ ಸ್ವಂತ ಉತ್ಪತ್ತಿ ಕುಸಿದು, ಇದ್ದ ವೀರ್ಯಾಣುಗಳೂ ಕಡಿಮೆಯಾಗುತ್ತವೆ. ಹಾರುವ ಆಸೆ ಬೇರೆ, ಗಬ್ಬ ಕಟ್ಟಿಸುವ ಶಕ್ತಿ ಬೇರೆ.

ಪ್ರಯೋಗಶಾಲೆಯ ಸುದ್ದಿ ತೋರಿಸುವವರೂ ಇದ್ದಾರೆ. ವಿಕಿರಣದಿಂದ ಕೆಟ್ಟ ಇಲಿಯ ವೃಷಣ ಹಾರ್ಮೋನು ಚಿಕಿತ್ಸೆಯಿಂದ ಚೇತರಿಸಿಕೊಂಡದ್ದು ನಿಜ. ಆದರೆ ಆ ಚಿಕಿತ್ಸೆಯು ಹಾರ್ಮೋನನ್ನು ತಗ್ಗಿಸುವಂಥದು, ಹೆಚ್ಚಿಸುವಂಥದಲ್ಲ. ಅದೂ ಕೋತಿಗಳಲ್ಲಿ ಫಲ ಕೊಡಲಿಲ್ಲ. ಇಲಿಗೆ ಹೊಲಿದ ಅಂಗಿಯನ್ನು ಹೋರಿಗೆ ತೊಡಿಸುವುದೆ?

ಮೊದಲು ಪಶುವೈದ್ಯರಿಂದ ವೀರ್ಯ ಪರೀಕ್ಷೆ ಮಾಡಿಸಿ. ವೃಷಣ ಊದಿದ್ದರೆ ಬ್ರುಸೆಲ್ಲಾ ರೋಗಕ್ಕೆ ರಕ್ತ ಪರೀಕ್ಷೆಯೂ ಆಗಲಿ. ಈ ರೋಗ ಮನುಷ್ಯರಿಗೂ ತಗಲುತ್ತದೆ, ಅಂಥ ಹೋರಿಯನ್ನು ಬಿಡಲೇಬಾರದು. ರೋಗವಿಲ್ಲವಾದರೆ ನೆರಳು, ನೀರು, ಎರಡು ಮೂರು ತಿಂಗಳ ಬಿಡುವು ಕೊಟ್ಟು ಮತ್ತೆ ಪರೀಕ್ಷಿಸಿ. ಅಷ್ಟು ದಿನ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿಸಬಹುದು.