ಕಿತ್ತು ಹಾಕುವ ಮುನ್ನ

ಆಷಾಢದ ಮಳೆಯು ತೀರ್ಥಹಳ್ಳಿ ಸೀಮೆಯ ಅಡಕೆ ತೋಟಗಳ ಮೇಲೆ ಹಗಲಿರುಳೆನ್ನದೆ ಸುರಿಯುತ್ತಿದ್ದ ಒಂದು ಸಂಜೆ, ವಿದ್ಯಾರ್ಥಿವೇತನದ ಅರ್ಜಿ ತುಂಬಲೆಂದು ನಮ್ಮ ಮನೆಯ ಲಿನಕ್ಸ್ ಗಣಕದ ಮುಂದೆ ಕುಳಿತಿದ್ದ ನೆರೆಮನೆಯ ಹುಡುಗಿ ಅಂಕಪಟ್ಟಿಯ ಚಿತ್ರವನ್ನು ಅಪ್‌ಲೋಡ್ ಮಾಡತೊಡಗಿದೊಡನೆಯೇ ಯುಎಸ್‌ಬಿ ಮೊಬೈಲ್ ಮೋಡೆಮ್ಮಿನ ಸಂಪರ್ಕ ಕಡಿಯಿತು. ಮರಳಿ ಬಂದಿತು, ಮರಳಿ ಕಡಿಯಿತು. ಜಗಲಿಯಲ್ಲಿ ಕೊಡೆ ಮಡಚಿ ನಿಂತಿದ್ದ ಆಕೆಯ ತಂದೆ, "ಮೋಡೆಮ್ ಒಂದ್ಸಲ ಕಿತ್ತು ಹಾಕಿ ನೋಡಿ, ಇಲ್ಲಾಂದ್ರೆ ಕಂಪ್ಯೂಟರೇ ಆಫ್ ಮಾಡಿ ಆನ್ ಮಾಡಿ" ಎಂದರು.

ದೂರು ಸ್ವೀಕರಿಸುವ ಕೇಂದ್ರಗಳಿಂದಲೂ ನಾವು ಕೇಳುತ್ತ ಬಂದಿರುವ ಉಪದೇಶವಿದು. ಇದರಿಂದ ಆ ಹೊತ್ತಿನ ಕೆಲಸ ಸಾಗುವುದುಂಟಾದರೂ, ವ್ಯಾಧಿಯನ್ನು ಗುರುತಿಸಲು ಇರುವ ಲಕ್ಷಣಗಳೇ ಅಳಿಸಿಹೋಗುವುವೆಂಬುದನ್ನು ಬಹುಮಂದಿ ಗಮನಿಸಿಲ್ಲ. ಲಿನಕ್ಸಿನ ತಿರುಳಾದ ಕರ್ನಲ್ ತಾನು ಕಂಡ ಮುಖ್ಯ ಸಂಗತಿಗಳನ್ನು ಕಾಲಸಹಿತವಾಗಿ ಬರೆದಿಡುತ್ತದೆ. ಆದರೆ ಆ ಬರೆಹವಿರುವುದು ಗಣಕದ ತಾತ್ಕಾಲಿಕ ಸ್ಮೃತಿಯಲ್ಲಿ. ಅದನ್ನು ಡಿಸ್ಕಿಗೆ ಇಳಿಸಿಡುವ ಏರ್ಪಾಡು ಇಲ್ಲದ ಯಂತ್ರವನ್ನು ಆರಿಸಿದೆವೆಂದರೆ ಸಾಕ್ಷ್ಯವನ್ನು ನಮ್ಮ ಕೈಯಾರೆ ನಾಶಮಾಡಿದಂತೆಯೇ ಸರಿ. ಆದಕಾರಣ ಮೊದಲು ಓದತಕ್ಕದ್ದು, ಆಮೇಲೆ ಕೀಳತಕ್ಕದ್ದು.

ಅಂದು ಡಿಮೆಸ್ಗ್ ಎಂಬ ಆಜ್ಞೆಯನ್ನು ಕೊಟ್ಟು ಹುಡುಗಿಯೂ ನಾನೂ ಸಾಲು ಸಾಲಾಗಿ ಓದಿದೆವು. 'ಯುಎಸ್‌ಬಿ ಡಿಸ್ಕನೆಕ್ಟ್' ಎಂಬ ಸಾಲು, ಅದರ ಬೆನ್ನಿಗೇ ಹೊಸ ಸಾಧನವೊಂದು ಬಂದಿತೆಂಬ ಸಾಲು. ಹಾಗೆ ಬಂದಾಗಲೆಲ್ಲ ಸಾಧನಕ್ಕೆ ಹೊಸ ಸಂಖ್ಯೆ ಬೀಳುವುದರಿಂದ, 5ರಲ್ಲಿ ಆರಂಭವಾದುದು 19ಕ್ಕೆ ಏರಿತ್ತು. ಅಂದರೆ ಯಾರೂ ಮುಟ್ಟದ ಮೋಡೆಮ್, ಯಾರೋ ಹದಿನಾಲ್ಕು ಬಾರಿ ಕಿತ್ತು ಹಾಕಿದರೋ ಎಂಬಂತೆ, ತಾನಾಗಿಯೇ ಬಿದ್ದು ಎದ್ದಿತ್ತು. ಮೊಬೈಲ್ ಜಾಲವೇ ಕೈಬಿಟ್ಟಿದ್ದರೆ ಮೋಡೆಮ್ ತನ್ನ ಸ್ಥಾನದಲ್ಲಿಯೇ ಇದ್ದು, ಜಾಲದಲ್ಲಿನ ನೋಂದಣಿ ತಪ್ಪಿತೆಂಬ ವಾರ್ತೆ ಮಾತ್ರ, ಮೋಡೆಮ್ಮನ್ನು ನಿರ್ವಹಿಸುವ ತಂತ್ರಾಂಶವಾದ ಮೋಡೆಮ್‌ಮ್ಯಾನೇಜರ್ ಬರೆದ ಸಾಲುಗಳಲ್ಲಿ ಕಾಣುತ್ತಿತ್ತು. ಈ ಎರಡು ಬಗೆಯ ಕಡಿತಗಳನ್ನು ಬೇರ್ಪಡಿಸದೆ ಮಾಡುವ ಚಿಕಿತ್ಸೆಯೆಲ್ಲ ಊಹೆಯ ಚಿಕಿತ್ಸೆ.

ಕಾರಣ ವಿದ್ಯುತ್ತಿನದಾಗಿತ್ತು. ಯುಎಸ್‌ಬಿ 2.0 ಕಿಂಡಿಯೊಂದು ನಿಯಮದಂತೆ ಕೊಡಬೇಕಾದುದು 5 ವೋಲ್ಟಿನಲ್ಲಿ 500 ಮಿಲಿಆಂಪಿಯರ್ ಮಾತ್ರ. ಅಷ್ಟನ್ನೇ ನಮ್ಮ ಮನೆಯಲ್ಲಿ ಹಬ್ಬಿನ ಮೂಲಕ ಹಾರ್ಡ್‌ಡಿಸ್ಕೂ ಮೋಡೆಮ್ಮೂ ಹಂಚಿಕೊಂಡಿದ್ದವು. ಗೋಪುರದ ಸಂಕೇತವು ಬಲವಾಗಿದ್ದಾಗ ಮೋಡೆಮ್ ಮೆಲುದನಿಯಲ್ಲಿ ನುಡಿದರೂ ಸಾಕು. ತೊಯ್ದ ಎಲೆಗಳೂ ಗುಡ್ಡವೂ ಅಡ್ಡವಾಗಿ ಸಂಕೇತವು ಮೈನಸ್ 112 ಡಿಬಿಎಂನಷ್ಟು ಕ್ಷೀಣಿಸಿದಾಗ ಅದು ತನ್ನ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಕೂಗಬೇಕಾಗುತ್ತದೆ, ಅದರಲ್ಲಿಯೂ ಚಿತ್ರದಂಥ ಭಾರವಾದುದನ್ನು ಕಳುಹಿಸುವಾಗ. ಹಾಗೆ ಕೂಗುವ ಗಳಿಗೆಯಲ್ಲಿಯೇ ವಿದ್ಯುತ್ತು ಸಾಲದೆ ಅದು ಕುಸಿಯುತ್ತಿತ್ತು. ತನ್ನದೇ ಅಡಾಪ್ಟರ್ ಉಳ್ಳ ಹಬ್ ತಂದು, ಉದ್ದನೆಯ ವೈರಿನ ಬದಲು ಗಿಡ್ಡನೆಯದನ್ನು ಹಾಕಿದ ಮೇಲೆ ಆ ಕಡಿತ ಮರುಕಳಿಸಲಿಲ್ಲ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ವಿದ್ಯುತ್ ಉಳಿಸುವ ತಂತ್ರಾಂಶವೇ ಮೋಡೆಮ್ಮನ್ನು ನಿದ್ರೆಗೆ ದೂಡುವುದೂ ಉಂಟು. ಅದನ್ನು ನಿಲ್ಲಿಸುವುದು ಸುಲಭ.

ಪರೀಕ್ಷೆ, ಪಡಿತರ, ಪಹಣಿ, ಪಿಂಚಣಿ ಇವೆಲ್ಲವೂ ಈ ಒಂದು ಸಂಪರ್ಕದ ಮೇಲೆ ನಿಂತಿರುವ ಕಾಲದಲ್ಲಿ, ಐಟಿಐ, ಪಾಲಿಟೆಕ್ನಿಕ್‌ಗಳ ಗಣಕ ಪಾಠದಲ್ಲಿ ಲಾಗ್ ಓದುವ ಅಭ್ಯಾಸಕ್ಕೆ ಒಂದು ವಾರವನ್ನಾದರೂ ಮೀಸಲಿಡಬೇಕೆಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ. ದೂರು ಕೇಳುವವರೂ "ರೀಸ್ಟಾರ್ಟ್ ಮಾಡಿದಿರಾ" ಎಂಬ ಪ್ರಶ್ನೆಗೆ ಮೊದಲು, ಕಡಿದ ಗಳಿಗೆ ಯಾವುದು, ಆಗಿನ ಸಂಕೇತದ ಅಂಕಿ ಎಷ್ಟು ಎಂದು ಕೇಳತಕ್ಕದ್ದು. ಸಾಧನವನ್ನೇ ಆಗಲಿ ಜಾಲವನ್ನೇ ಆಗಲಿ ವಿಚಾರಿಸದೆ ದೂಷಿಸುವುದು ಅನ್ಯಾಯ.

ಮೊನ್ನೆ ರಾತ್ರಿ ಮತ್ತೆ ಸಂಪರ್ಕ ಹೋಯಿತು. ಹುಡುಗಿಯೇ ಬಂದು ಆಜ್ಞೆ ಕೊಟ್ಟು, ಮೋಡೆಮ್‌ಮ್ಯಾನೇಜರ್ ಸಾಲುಗಳನ್ನೂ ಓದಿದಳು: ಸಾಧನದ ಸಂಖ್ಯೆ ಬದಲಾಗಿರಲಿಲ್ಲ, ನೋಂದಣಿ ಮಾತ್ರ 8 ಗಂಟೆ 40 ನಿಮಿಷಕ್ಕೆ ತಪ್ಪಿತ್ತು. ಆ ವೇಳೆಯನ್ನೂ ಆಗಿನ ಸಂಕೇತದ ಅಂಕಿಯನ್ನೂ ಬರೆದು ಆಕೆಯೇ ಕಂಪನಿಗೆ ದೂರು ಕಳುಹಿಸಿದ್ದಾಳೆ.